ಲಯನ್‌ಫಿಶ್ ಇದ್ದರೆ ಬಲೆ ಬಿಡಿ, ಈ ಡಬ್ಬಿ ತಗೊಳ್ಳಿ

ಟ್ಯಾಂಕಿನಿಂದ ಮೀನು ಹಿಡಿದು ತೆಗೆಯುವ ಬರೀ ಅಕ್ರಿಲಿಕ್ ಡಬ್ಬಿಗೆ ರಿವ್ಯೂ ಬೇರೆ ಬೇಕಾ ಅನ್ನಬಹುದು. ಸಾದಾ ಮೀನು ಸಾಕುವವರಿಗೆ ಖಂಡಿತ ಬೇಡ. ಉಪ್ಪುನೀರಿನ ಟ್ಯಾಂಕಿನಲ್ಲಿ ವಿಷದ ಮುಳ್ಳಿನ ಲಯನ್‌ಫಿಶ್ ಇಟ್ಟುಕೊಂಡವರ ಲೆಕ್ಕವೇ ಬೇರೆ.

ಇದರ ಬೆನ್ನ ಮೇಲೆ 13 ಮುಳ್ಳು, ಹೊಟ್ಟೆಯ ಕೆಳಗಿನ ಜೋಡಿ ರೆಕ್ಕೆಗಳಲ್ಲಿ ಒಂದೊಂದು, ಬಾಲಕ್ಕೆ ಮುಂಚೆ ಅಡಿಯಲ್ಲಿ ಇನ್ನೂ 3. ವಿಷ ಇರುವುದು ಇವುಗಳಲ್ಲೇ. ನೋಡಿದವರೆಲ್ಲ ಹೆದರುವ ಆ ಬೀಸಣಿಗೆಯಂಥ ಪಕ್ಕದ ರೆಕ್ಕೆಗಳಲ್ಲಿ ವಿಷವೇ ಇಲ್ಲ! ಬಲೆ ಹಾಕಿದರೆ ಮುಳ್ಳುಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಆಮೇಲೆ ಬಿಡಿಸುವವರು ಯಾರು? ಮೀನಿಗೂ ಗಾಯ, ನಮಗೂ ಅಪಾಯ.

ಡಬ್ಬಿಗೆ ಉದ್ದನೆಯ ಹಿಡಿ ಇದೆ, ಟ್ಯಾಂಕಿನ ಅಂಚಿಗೆ ನೇತುಹಾಕಲು ಕೊಕ್ಕೆ ಇದೆ. ತೂತುಗಳು ಮೇಲರ್ಧದಲ್ಲಿ ಮಾತ್ರ. ಹಾಗಾಗಿ ಎತ್ತಿದಾಗ ಅರ್ಧ ನೀರು ಸೋರಿ, ಮೀನು ಮುಳುಗುವಷ್ಟು ಉಳಿಯುತ್ತದೆ. ನನಗೆ ತುಂಬ ಹಿಡಿಸಿದ್ದು ಇದೇ. ನನ್ನ ಫಜಿ ಡ್ವಾರ್ಫ್ (ಲಯನ್‌ಫಿಶ್‌ನ ಒಂದು ಚಿಕ್ಕ ಜಾತಿ) ಮೀನಿನ ಮುಂದೆ ಡಬ್ಬಿಯನ್ನು ಅಡ್ಡ ಹಿಡಿದು, ಹಿಂದಿನಿಂದ ಒಂದು ಕಡ್ಡಿ ತರುತ್ತೇನೆ. ಅದು ಓಡುವುದಿಲ್ಲ. ತಲೆ ತಗ್ಗಿಸಿ, ಬೆನ್ನಿನ ಮುಳ್ಳುಗಳನ್ನು ಕಡ್ಡಿಯ ಕಡೆಗೆ ತಿರುಗಿಸಿ ನಿಲ್ಲುತ್ತದೆ. ಕಡ್ಡಿಯನ್ನು ಅಲ್ಲೇ ಹಿಡಿದು ಸುಮ್ನೆ ಕಾದರೆ ಮೆಲ್ಲಗೆ ಸರಿಯುತ್ತಾ ತಾನೇ ಡಬ್ಬಿಯೊಳಗೆ ಹೋಗುತ್ತದೆ. ಡಬ್ಬಿ ಪಾರದರ್ಶಕ ನೋಡಿ, ಅದಕ್ಕೆ ಗೋಡೆ ಇದೆ ಅಂತಲೇ ಗೊತ್ತಾಗುವುದಿಲ್ಲ.

ಕೊರತೆಗಳೂ ಇವೆ. 3 ಲೀಟರ್ ನೀರು ಅಂದರೆ 3 ಕಿಲೋ ಭಾರ. ಬರೀ ಹಿಡಿಯಿಂದ ಎತ್ತಿದರೆ ಅದು ಬಾಗುತ್ತದೆ, ತಳಕ್ಕೆ ಇನ್ನೊಂದು ಕೈ ಕೊಡಲೇಬೇಕು. ಮುಚ್ಚಳ ಕೊಟ್ಟಿಲ್ಲ. ಸ್ವಲ್ಪ ಗಟ್ಟಿಯಾಗಿ ಉಜ್ಜಿದರೂ ಗೀರು ಬೀಳುತ್ತದೆ, ಆಮೇಲೆ ಒಳಗಿನದು ಮಸುಕು ಮಸುಕು.

ಫಾಕ್ಸ್‌ಫೇಸ್ ಸಾಕಿದವರಿಗೂ ಇದನ್ನು ಹೇಳುತ್ತೇನೆ. ಪಾಚಿ ತಿಂದುಕೊಂಡಿರುವ ಸಾಧು ಹಳದಿ ಮೀನು ಅಂದುಕೊಂಡಿರುತ್ತಾರೆ, ಅದರ ಮುಳ್ಳಿನಲ್ಲೂ ವಿಷ ಇದೆ. ಸ್ಟೋನ್‌ಫಿಶ್‌ಗೆ ಮಾತ್ರ ಈ ಡಬ್ಬಿ ಪ್ರಯೋಜನವಿಲ್ಲ. ಅದು ತಳದಲ್ಲಿ ಕೂತರೆ ಕೂತಿತು, ಅಟ್ಟಿದರೂ ಏಳುವುದಿಲ್ಲ. ಮೀನುಗಳಲ್ಲೇ ಅತಿ ಹೆಚ್ಚು ವಿಷದ್ದನ್ನು ಮನೆಗೆ ತರುವ ಹುಚ್ಚು ಯಾಕೋ ನನಗಂತೂ ಅರ್ಥವಾಗಿಲ್ಲ.

ಡಬ್ಬಿ ಇದ್ದ ಮಾತ್ರಕ್ಕೆ ಮೈಮರೆಯಬೇಡಿ. ಗಾಜು ಒರೆಸುವಾಗಲೂ ಮೀನು ಎಲ್ಲಿದೆ ಅಂತ ಕಣ್ಣಿರಲಿ, ಬಂಡೆಯ ಅಡಿಯಲ್ಲಿ ತಲೆಕೆಳಗಾಗಿ ನೇತಾಡುವುದು ಲಯನ್‌ಫಿಶ್‌ನ ಚಾಳಿ. ಚುಚ್ಚಿದರೆ ಐಸ್ ಬೇಡ. ಸುಮಾರು 45 ಡಿಗ್ರಿ ಬಿಸಿನೀರಿನಲ್ಲಿ 30ರಿಂದ 90 ನಿಮಿಷ ಗಾಯ ಮುಳುಗಿಸಿಡಬೇಕು, ಈ ವಿಷ ಶಾಖ ತಡೆಯುವುದಿಲ್ಲ. ಬಿಸಿ ಎಷ್ಟಿದೆ ಅಂತ ಚುಚ್ಚಿಸಿಕೊಳ್ಳದ ಕೈಯಿಂದ ನೋಡಿ, ಇಲ್ಲದಿದ್ದರೆ ಸುಟ್ಟು ಬೊಬ್ಬೆ ಏಳುವುದು ಗ್ಯಾರಂಟಿ. ಉಸಿರಾಡಲು ಕಷ್ಟವಾದರೆ, ತಲೆ ಸುತ್ತಿದರೆ ಸೀದಾ ಆಸ್ಪತ್ರೆಗೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಡ್ವಾರ್ಫ್ ಜಾತಿಗೆ ಮಧ್ಯಮ ಅಳತೆ ಸಾಕು. ವೊಲಿಟಾನ್ಸ್ ಅನ್ನುವ ದೊಡ್ಡ ಲಯನ್‌ಫಿಶ್ ಜಾತಿ ಇದ್ದರೆ ಎಲ್ಲಕ್ಕಿಂತ ದೊಡ್ಡದನ್ನೇ ತಗೊಳ್ಳಿ, ಅದು ಒಂದಡಿ ದಾಟಿ ಬೆಳೆಯುತ್ತದೆ.