ಕಿಣ್ವದ ಪ್ರಯೋಗಕ್ಕೆ ಅಮೈಲೇಸೋ, ಕೆಟಲೇಸೋ?

ತಾಪಮಾನ, ಪಿಎಚ್ (ಆಮ್ಲ-ಕ್ಷಾರದ ಅಳತೆ) ಬದಲಾದಾಗ ಕಿಣ್ವದ ವೇಗ ಹೇಗೆ ಏರಿಳಿಯುತ್ತದೆ ಎಂದು ತೋರಿಸಲು ನನ್ನ ಓಟು ಪಿಷ್ಟ ಒಡೆಯುವ ಅಮೈಲೇಸ್‌ಗೇ. ಆದರೆ ಅದರಲ್ಲೊಂದು ಕಿರಿಕಿರಿಯಿದೆ. ಅದು ಗೊತ್ತಿಲ್ಲದಿದ್ದರೆ ಗ್ರಾಫೇ ತಲೆಕೆಳಗು.

ಮೊದಲು ಕೆಟಲೇಸ್, ಹೈಡ್ರೋಜನ್ ಪೆರಾಕ್ಸೈಡನ್ನು ನೀರು, ಆಮ್ಲಜನಕವಾಗಿ ಒಡೆಯುವ ಕಿಣ್ವ. ರುಬ್ಬಿ ಸೋಸಿದ ಆಲೂಗಡ್ಡೆ ರಸಕ್ಕೆ 3% ಹೈಡ್ರೋಜನ್ ಪೆರಾಕ್ಸೈಡ್ ಸುರಿದರೆ ನೊರೆ ಉಕ್ಕುತ್ತದೆ, ನೋಡಲು ಚೆಂದ. ಅಳೆಯಲು ಹೋದರೆ ಗೋಳು. ಅನಿಲ ಹಿಡಿಯಲು ಬಿರಡೆ ಒತ್ತುವಷ್ಟರಲ್ಲಿ ಮೊದಲ ಸೆಕೆಂಡುಗಳ ಆಮ್ಲಜನಕ ಹೊರಗೆ. ನಮಗೆ ಬೇಕಾದದ್ದು ಆ ಆರಂಭದ ವೇಗವೇ. ಕ್ರಿಯೆಯೂ ಶಾಖ ಹುಟ್ಟಿಸುವುದರಿಂದ ತಾಪಮಾನ ಇಟ್ಟಲ್ಲಿ ನಿಲ್ಲುವುದಿಲ್ಲ.

ಹಾಲಿನ ಪುಡಿ ದ್ರಾವಣವನ್ನು ಪ್ರೋಟೀನ್ ಒಡೆಯುವ ಟ್ರಿಪ್ಸಿನ್ ತಿಳಿಯಾಗಿಸುವ ಪ್ರಯೋಗವೂ ಇದೆ. ಪಿಎಚ್ 4.6ರ ಸುತ್ತ ಹಾಲೇ ಒಡೆಯುತ್ತದೆ, ಬಿಡಿ.

ಅಮೈಲೇಸ್‌ಗೆ 1% ಪಿಷ್ಟದ ದ್ರಾವಣ 5 ಮಿ.ಲೀ., ಬಫರ್ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) 1 ಮಿ.ಲೀ., ಕಿಣ್ವ 1 ಮಿ.ಲೀ. ಸಾಕು. ಪಿಷ್ಟ ಮತ್ತು ಕಿಣ್ವವನ್ನು ಬೇರೆ ಬೇರೆ ಟ್ಯೂಬಿನಲ್ಲಿ 5 ನಿಮಿಷ ಅದೇ ತಾಪಮಾನದ ನೀರಿನಲ್ಲಿಟ್ಟು, ಆಮೇಲೆ ಬೆರೆಸಿ. 30 ಸೆಕೆಂಡಿಗೊಮ್ಮೆ ಒಂದು ಹನಿ ತೆಗೆದು ಬಿಳಿ ಟೈಲ್ ಮೇಲಿನ ಅಯೋಡಿನ್ ಹನಿಗೆ ಬಿಡಿ. ಕಡುನೀಲಿ ನೇರಳೆಯಾಗಿ, ಕೆಂಗಂದಾಗಿ, ಕೊನೆಗೆ ಅಯೋಡಿನ್ನಿನ ಸ್ವಂತ ಹಳದಿ ಬಣ್ಣವಷ್ಟೇ ಉಳಿದರೆ ಪಿಷ್ಟ ಮುಗಿದಂತೆ.

ಈಗ ಆ ಕಿರಿಕಿರಿ. ನೀಲಿ ಹೋದದ್ದೆಲ್ಲ ಕಿಣ್ವದ ಕೆಲಸವಲ್ಲ. ಪಿಷ್ಟದ ಸುರುಳಿಯೊಳಗೆ ಅಯೋಡಿನ್ ಕೂತಾಗ ಮಾತ್ರ ನೀಲಿ. ಬಿಸಿಯಲ್ಲಿ ಅದು ಅಲ್ಲಿಂದ ಜಾರಿಕೊಳ್ಳುತ್ತದೆ. 80 ಡಿಗ್ರಿಯ ಟ್ಯೂಬಿಗೇ ನೇರ ಅಯೋಡಿನ್ ಹಾಕಿದರೆ, ಸತ್ತ ಕಿಣ್ವವೂ ಭರ್ಜರಿಯಾಗಿ ದುಡಿದಂತೆ ಕಾಣುತ್ತದೆ. ತಣ್ಣಗಿನ ಟೈಲ್ ಮೇಲೆ ಹನಿ ತಣ್ಣಗಾಗಲು ಬಿಡಿ, ನೀಲಿ ಮರಳುತ್ತದೆ.

ಕ್ಷಾರದ ಕಡೆ ಮೋಸ ಇನ್ನೂ ಜಾಸ್ತಿ. ಪಿಎಚ್ 9 ದಾಟಿದರೆ ಅಯೋಡಿನ್ ಕ್ಷಾರದೊಂದಿಗೇ ವರ್ತಿಸಿ ಬಣ್ಣ ಕಳೆದುಕೊಳ್ಳುತ್ತದೆ. ಅದಕ್ಕೆ ಟೈಲ್ ಮೇಲೆ ಮೊದಲೇ ಒಂದು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಇಟ್ಟುಕೊಳ್ಳಿ. ಪ್ರತಿ ಬಫರಿಗೂ ಕಿಣ್ವವಿಲ್ಲದ ಒಂದು ಟ್ಯೂಬ್ ಇರಲಿ: ಅದರಲ್ಲೂ ನೀಲಿ ಬರದಿದ್ದರೆ ತಪ್ಪು ಅಯೋಡಿನ್ನಿನದು.

ಕಿಣ್ವದ ಬಾಟಲಿಯ ಲೇಬಲ್ಲನ್ನೂ ಓದಿ. ಲಾಲಾರಸದ ಅಮೈಲೇಸ್ 37 ಡಿಗ್ರಿ, ಪಿಎಚ್ 6.8ರ ಆಸುಪಾಸಿನಲ್ಲಿ ಚುರುಕು. ಬ್ಯಾಕ್ಟೀರಿಯಾದ ಕೆಲವು ಅಮೈಲೇಸ್‌ಗಳು 80 ಡಿಗ್ರಿಯಲ್ಲೂ ಜಗ್ಗುವುದಿಲ್ಲ.

ಇಷ್ಟು ಕಾಟವಿದ್ದರೂ ನಾನು ಅಮೈಲೇಸನ್ನೇ ಹಿಡಿಯುವುದು ಟೈಲ್, ಡ್ರಾಪರ್, ಗಡಿಯಾರದಲ್ಲೇ ಕೆಲಸ ಮುಗಿಯುತ್ತದೆಂದು. ಗ್ಯಾಸ್ ಸಿರಿಂಜಿಗೆ ದುಡ್ಡು ಸುರಿಯುವ ಮನಸ್ಸಿಲ್ಲ. ಇನ್ನೊಂದು ಕಾರಣ: ಲಾಲಾರಸದ ಕಿಣ್ವವಿರುವ, ಮಂಜುಗಡ್ಡೆಯಲ್ಲಿಟ್ಟ ಟ್ಯೂಬನ್ನು 37 ಡಿಗ್ರಿಗೆ ತಂದರೆ ನೀಲಿ ಕರಗಲು ಶುರುವಾಗುತ್ತದೆ. ಅದೇ ಕಿಣ್ವವನ್ನು ಕುದಿಸಿ ಆರಿಸಿ ಬೆರೆಸಿದರೆ, ಅರ್ಧ ಗಂಟೆ ಕಾದರೂ ಹನಿ ಕಡುನೀಲಿಯೇ.