ಫೈರ್‌ಫಾಕ್ಸ್ ಒಂದನ್ನೇ ನೆಚ್ಚಿಕೊಂಡರೆ: ‘ನಿಮ್ಮ ಬ್ರೌಸರಿಗೆ ಬೆಂಬಲವಿಲ್ಲ’ ಎನ್ನುವ ಸೈಟ್‌ಗಳ ನಡುವೆ ದೀರ್ಘಕಾಲದ ಬಳಕೆ

ಕಂಪ್ಯೂಟರ್, ಫೋನ್ ಎರಡರಲ್ಲೂ ಫೈರ್‌ಫಾಕ್ಸನ್ನೇ ಮುಖ್ಯ ಬ್ರೌಸರಾಗಿ ವರ್ಷಗಟ್ಟಲೆ ಬಳಸಿದ ಮೇಲಿನ ವಿಮರ್ಶೆ ಇದು. ವೇಗ, ಮೆಮೊರಿ, ಟ್ಯಾಬ್‌ಗಳ ಅಂದಚಂದದ ಬಗ್ಗೆ ಬೇಕಾದಷ್ಟು ಬರಹಗಳಿವೆ, ಅದನ್ನೆಲ್ಲ ಬಿಡುತ್ತೇನೆ. ಕ್ರೋಮ್ ಬಿಟ್ಟು ಬರಬೇಕೆನ್ನುವವರು ಕೇಳುವುದು ಒಂದೇ ಮಾತು: ಎಲ್ಲ ಸೈಟೂ ನಡೆಯುತ್ತವಾ? ಬಹುಪಾಲು ನಡೆಯುತ್ತವೆ. ನಡೆಯದವುಗಳಲ್ಲಿ ಫೈರ್‌ಫಾಕ್ಸಿನ ಕೈಲಾಗದೆ ನಿಂತವು ಕಡಿಮೆ, ಹೆಸರು ನೋಡಿಯೇ ಬಾಗಿಲು ಹಾಕಿದವು ಹೆಚ್ಚು. ಯಾವುದು ಯಾವ ಬಗೆಯದು ಎಂದು ಬೇರ್ಪಡಿಸಲು ಬಂದರೆ ಈ ಬ್ರೌಸರಿನೊಂದಿಗೆ ದಿನ ದೂಡುವುದು ಸಲೀಸು. ಬಾರದಿದ್ದರೆ ತಿಂಗಳೊಳಗೆ ಬೇಸತ್ತು ಹಳೆಯದಕ್ಕೇ ಮರಳುತ್ತೀರಿ.

ಮೊದಲು ಈ ಹೆಸರಿನ ಕಥೆ. ಸೈಟ್ ತೆರೆದ ಕೂಡಲೇ ಪ್ರತಿ ಬ್ರೌಸರೂ ತಾನು ಯಾರೆಂದು ಹೇಳುವ ಒಂದು ಸಾಲನ್ನು ಸರ್ವರಿಗೆ ಕಳಿಸುತ್ತದೆ, ಅದೇ ಯೂಸರ್ ಏಜೆಂಟ್. ತಮಾಷೆಯೆಂದರೆ ಕ್ರೋಮ್, ಸಫಾರಿ, ಎಡ್ಜ್ ಎಲ್ಲವೂ ಆ ಸಾಲನ್ನು ‘ಮೊಜಿಲ್ಲಾ/5.0’ ಎಂದೇ ಶುರು ಮಾಡುತ್ತವೆ; ಮೊಜಿಲ್ಲಾ ಎಂದರೆ ಫೈರ್‌ಫಾಕ್ಸ್ ತಯಾರಿಸುವ ಸಂಸ್ಥೆ. ಹಳೆಯ ಕಾಲದ ಸೈಟ್‌ಗಳು ಆ ಹೆಸರಿಲ್ಲದವರನ್ನು ಒಳಗೆ ಬಿಡುತ್ತಿರಲಿಲ್ಲ, ಹಾಗಾಗಿ ಎಲ್ಲರೂ ಅದೇ ವೇಷ ಹಾಕಿದರು, ಇಂದಿಗೂ ಕಳಚಿಲ್ಲ. ಈ ಸಾಲನ್ನು ಓದುವ ಕೋಡ್ ಎಷ್ಟು ಒರಟು ಎನ್ನುವುದಕ್ಕೆ ಫೈರ್‌ಫಾಕ್ಸಿನದ್ದೇ ಉದಾಹರಣೆಯಿದೆ. ಇಂಟರ್ನೆಟ್ ಎಕ್ಸ್‌ಪ್ಲೋರರ್ 11 ತನ್ನ ಸಾಲಿನಲ್ಲಿ ಆವೃತ್ತಿಯನ್ನು ‘ಆರ್‌ವಿ:11.0’ ಎಂದು ಬರೆದುಕೊಳ್ಳುತ್ತಿತ್ತು. ಫೈರ್‌ಫಾಕ್ಸ್ 110 ಬರುವ ಹೊತ್ತಿಗೆ ‘ಆರ್‌ವಿ:110’ರಲ್ಲಿ ಮೊದಲ ಎರಡು ಅಂಕಿ ಕಂಡ ಕೆಲವು ಸೈಟ್‌ಗಳು ‘ಇದು ಹಳೇ ಎಕ್ಸ್‌ಪ್ಲೋರರ್, ಹೊರಗಿಡಿ’ ಎಂದು ತೀರ್ಮಾನಿಸಿದವು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವಂಥ ಕೋಡ್. ಅದಕ್ಕೇ 110ರಿಂದ 119ರವರೆಗಿನ ಆವೃತ್ತಿಗಳು ಆ ಜಾಗದಲ್ಲಿ 109 ಎಂದೇ ಹೇಳಿಕೊಂಡು ಓಡಾಡಬೇಕಾಯಿತು.

ಸೈಟ್ ಮಾಡುವವರು ಹೀಗೇಕೆ ಮಾಡುತ್ತಾರೆ ಎನ್ನುವುದರಲ್ಲಿ ದೊಡ್ಡ ಗುಟ್ಟೇನಿಲ್ಲ. ಕ್ರೋಮ್, ಎಡ್ಜ್, ಒಪೆರಾ, ಬ್ರೇವ್, ವಿವಾಲ್ಡಿ ಎಲ್ಲದರ ಒಳಗಿರುವುದು ಬ್ಲಿಂಕ್ ಎಂಬ ಒಂದೇ ಇಂಜಿನ್, ಅಂದರೆ ಸೈಟಿನ ಕೋಡನ್ನು ಓದಿ ಪುಟವಾಗಿ ತೋರಿಸುವ ಭಾಗ. ಒಪೆರಾ ತನ್ನ ಸ್ವಂತ ಪ್ರೆಸ್ಟೋ ಇಂಜಿನನ್ನು 2013ರಲ್ಲಿ ಕೈಬಿಟ್ಟಿತು, ಮೈಕ್ರೋಸಾಫ್ಟ್ 2020ರ ಜನವರಿಯಲ್ಲಿ ಎಡ್ಜನ್ನು ಕ್ರೋಮಿನ ತಳಹದಿಯಾದ ಕ್ರೋಮಿಯಂ ಮೇಲೆ ಕೂರಿಸಿತು. ಉಳಿದದ್ದು ಆ್ಯಪಲ್‌ನ ವೆಬ್‌ಕಿಟ್ ಮತ್ತು ಫೈರ್‌ಫಾಕ್ಸಿನ ಗೆಕೋ. ಕ್ರೋಮಿನಲ್ಲಿ ಒಮ್ಮೆ, ಐಫೋನಿನಲ್ಲಿ ಒಮ್ಮೆ ಪರೀಕ್ಷಿಸಿದರೆ ಸಾಕು ಎಂದು ತಂಡಗಳು ಲೆಕ್ಕ ಹಾಕುತ್ತವೆ. ಪರೀಕ್ಷಿಸದ ಬ್ರೌಸರಿನಲ್ಲಿ ಏನಾದರೂ ಕೆಟ್ಟರೆ ದೂರು ಸಹಾಯವಾಣಿಗೆ ಬರುತ್ತದೆ. ದೂರೇ ಬಾರದಂತೆ ಬಾಗಿಲಲ್ಲೇ ತಡೆಯುವುದು ಅಗ್ಗ.

ದೊಡ್ಡವರೇ ಈ ದಾರಿ ಹಾಕಿಕೊಟ್ಟಿದ್ದಾರೆ. ವಾಟ್ಸ್‌ಆ್ಯಪ್ ವೆಬ್ 2015ರ ಜನವರಿಯಲ್ಲಿ ಬಂದಾಗ ಕ್ರೋಮಿಗೆ ಮಾತ್ರ ಇತ್ತು, ಮರುತಿಂಗಳು ಫೈರ್‌ಫಾಕ್ಸ್, ಒಪೆರಾಗಳಿಗೂ ತೆರೆಯಿತು. ಗೂಗಲ್ ಅರ್ಥ್‌ನ ವೆಬ್ ಆವೃತ್ತಿ 2017ರಲ್ಲಿ ಬಂದಾಗ ಕ್ರೋಮಿನಲ್ಲಷ್ಟೇ ಇದ್ದ ತಂತ್ರಜ್ಞಾನದ ಮೇಲೆ ನಿಂತಿತ್ತು. ಬೇರೆ ಬ್ರೌಸರುಗಳಲ್ಲೂ ನಡೆಯುವ ವೆಬ್‌ಅಸೆಂಬ್ಲಿ ಎಂಬ ತಂತ್ರಕ್ಕೆ ಹೊರಳಿ ಫೈರ್‌ಫಾಕ್ಸ್ ಮುಂತಾದವಕ್ಕೆ ತೆರೆದದ್ದು 2020ರಲ್ಲಿ. ಸ್ಕೈಪ್‌ನ ವೆಬ್ ಆವೃತ್ತಿ 2019ರಲ್ಲಿ ಕ್ರೋಮ್ ಮತ್ತು ಎಡ್ಜ್ ಬಿಟ್ಟು ಉಳಿದವರನ್ನು ಹೊರಗಿಟ್ಟಿತು. 2003ರಷ್ಟು ಹಿಂದೆಯೇ ಮೈಕ್ರೋಸಾಫ್ಟಿನ ಎಂಎಸ್‌ಎನ್ ತಾಣ ಒಪೆರಾಗೆ ಬೇಕೆಂದೇ ಬೇರೆ ಸ್ಟೈಲ್‌ಶೀಟ್ (ಪುಟದ ವಿನ್ಯಾಸದ ಕಡತ) ಕೊಟ್ಟು ಪುಟ ಕೆಡಿಸುತ್ತಿದೆ ಎಂಬ ಜಗಳವೂ ನಡೆದಿತ್ತು.

ಈಗ ಕೆಲಸಕ್ಕೆ ಬರುವ ಮಾತು. ಸೈಟ್ ನಡೆಯದಿದ್ದರೆ ಮೊದಲು ಎಲ್ಲಿ ನಿಂತಿತು ಎಂದು ನೋಡಿ. ಪುಟ ತೆರೆಯುವ ಮುಂಚೆಯೇ ‘ಕ್ರೋಮ್ ಬಳಸಿ’ ಎಂಬ ಫಲಕ ಬಂದರೆ ಅದು ಬಹುತೇಕ ಹೆಸರಿನ ತಪಾಸಣೆ. ಪುಟ ಚೆನ್ನಾಗಿ ತೆರೆದು, ಒಂದು ಬಟನ್ ಮಾತ್ರ ಸತ್ತಂತಿದ್ದರೆ ಕಾರಣ ಬೇರೆ. ಎರಡನೆಯ ಬಗೆಯಲ್ಲಿ ಅಪರಾಧಿ ಸಾಮಾನ್ಯವಾಗಿ ನಿಮ್ಮದೇ ಬ್ರೌಸರಿನ ರಕ್ಷಣೆ ಅಥವಾ ನೀವು ಅದಕ್ಕೆ ಸೇರಿಸಿಕೊಂಡ ಎಕ್ಸ್‌ಟೆನ್ಷನ್. ವಿಳಾಸ ಪಟ್ಟಿಯ ಎಡತುದಿಯ ಗುರಾಣಿ ಚಿಹ್ನೆ ಒತ್ತಿ ಆ ಸೈಟಿಗಷ್ಟೇ ರಕ್ಷಣೆ ಆಫ್ ಮಾಡಿ. ಸರಿಹೋಗದಿದ್ದರೆ ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಆಫ್ ಮಾಡಿ. ಆಗಲೂ ಇಲ್ಲವೆಂದರೆ ಮೆನುವಿನ ಹೆಲ್ಪ್‌ನಲ್ಲಿರುವ ಟ್ರಬಲ್‌ಶೂಟ್ ಮೋಡ್‌ಗೆ ಹೋಗಿ, ಅಲ್ಲಿ ಎಕ್ಸ್‌ಟೆನ್ಷನ್‌ಗಳ ಜೊತೆ ಹಾರ್ಡ್‌ವೇರ್ ವೇಗವರ್ಧನೆಯೂ ಆಫ್ ಆಗಿರುತ್ತದೆ.

ಬಹಳ ಜನ ಇಲ್ಲಿ ಪ್ರೈವೇಟ್ ವಿಂಡೋ ತೆರೆದು ಪರೀಕ್ಷಿಸುತ್ತಾರೆ. ಅದು ದಾರಿ ತಪ್ಪಿಸುತ್ತದೆ: ಪ್ರೈವೇಟ್ ವಿಂಡೋದಲ್ಲಿ ಟ್ರ್ಯಾಕರ್ (ನಿಮ್ಮ ಜಾಡು ಹಿಡಿಯುವ ಕೋಡ್) ತಡೆ ಮಾಮೂಲಿಗಿಂತ ಬಿಗಿ. ನಿಜಕ್ಕೂ ಶುದ್ಧ ಪರೀಕ್ಷೆ ಬೇಕೆಂದರೆ ವಿಳಾಸ ಪಟ್ಟಿಯಲ್ಲಿ ‘ಅಬೌಟ್:ಪ್ರೊಫೈಲ್ಸ್’ ತೆರೆದು ಹೊಸ ಪ್ರೊಫೈಲ್ ಮಾಡಿ, ಏನನ್ನೂ ಮುಟ್ಟದೆ ಆ ಸೈಟನ್ನು ತೆರೆಯಿರಿ. ಅಲ್ಲಿ ನಡೆದರೆ ತಪ್ಪು ಸೈಟಿನದ್ದೂ ಅಲ್ಲ, ಫೈರ್‌ಫಾಕ್ಸಿನದ್ದೂ ಅಲ್ಲ, ನೀವು ಬದಲಿಸಿದ ಯಾವುದೋ ಸೆಟ್ಟಿಂಗಿನದ್ದು.

ಹಣ ಪಾವತಿಯ ಪುಟಗಳನ್ನು ಪ್ರತ್ಯೇಕವಾಗಿ ಹೇಳಬೇಕು. 2022ರ ಜೂನ್‌ನಿಂದ ಫೈರ್‌ಫಾಕ್ಸ್ ಪ್ರತಿ ಸೈಟಿನ ಕುಕಿಗಳನ್ನು (ನಿಮ್ಮನ್ನು ನೆನಪಿಡಲು ಸೈಟ್ ಬ್ರೌಸರಿನಲ್ಲಿಡುವ ಚಿಕ್ಕ ಚೀಟಿಗಳು) ಬೇರೆ ಬೇರೆ ಡಬ್ಬಿಯಲ್ಲಿಡುತ್ತದೆ. ಅಂಗಡಿಯ ಸೈಟ್ ನಿಮ್ಮನ್ನು ಪೂರ್ತಿಯಾಗಿ ಬ್ಯಾಂಕಿನ ಪುಟಕ್ಕೆ ಕಳಿಸಿ ವಾಪಸು ಕರೆಸಿಕೊಂಡರೆ ತೊಂದರೆಯಿಲ್ಲ. ಬ್ಯಾಂಕಿನ ಪುಟವನ್ನು ತನ್ನೊಳಗೇ ಒಂದು ಚೌಕಟ್ಟಿನಲ್ಲಿ ತೋರಿಸಿದರೆ ಬ್ಯಾಂಕಿಗೆ ತನ್ನ ಸ್ವಂತ ಸೈಟಿನಲ್ಲಿ ಇಟ್ಟ ಕುಕಿಯೇ ಕಾಣುವುದಿಲ್ಲ. ಲಕ್ಷಣ ಹೀಗಿರುತ್ತದೆ: ಒಟಿಪಿ ಹಾಕುತ್ತೀರಿ, ಸ್ವೀಕರಿಸಿದಂತೆ ಕಾಣುತ್ತದೆ, ಆಮೇಲೆ ‘ಸೆಷನ್ ಮುಗಿದಿದೆ’ ಎಂದು ಬರುತ್ತದೆ. ಆಗ ಹಿಂದೆ ಒತ್ತಿ ಮತ್ತೆ ಪಾವತಿಸಬೇಡಿ. ಖಾತೆಯಿಂದ ಹಣ ಹೋಗಿದೆಯೇ ಎಂದು ಮೊದಲು ನೋಡಿ, ಅಂಗಡಿಯ ಸೈಟಿನಲ್ಲಿ ಗುರಾಣಿ ಆಫ್ ಮಾಡಿ, ಬುಟ್ಟಿಯಿಂದ ಹೊಸದಾಗಿ ಶುರು ಮಾಡಿ. ಚೌಕಟ್ಟಿನ ಮೇಲೆ ಗುರಾಣಿ ಆಫ್ ಮಾಡಲಾಗದು, ಹೊರಗಿನ ಸೈಟಿನಲ್ಲೇ ಮಾಡಬೇಕು.

ಇನ್ನೊಂದು ಚಿಕ್ಕ, ಆದರೆ ರೇಗಿಸುವ ಕೊರತೆ: ಕಾರ್ಡಿನ ಅವಧಿಗೋ ಸಂಬಳದ ತಿಂಗಳಿಗೋ ‘ತಿಂಗಳು’ ಬಗೆಯ ಫೀಲ್ಡ್ ಬಳಸಿದ ಫಾರ್ಮ್‌ಗಳು. ಕ್ರೋಮಿನಲ್ಲಿ ಕ್ಯಾಲೆಂಡರ್ ಬಿಚ್ಚಿಕೊಳ್ಳುವ ಕಡೆ ಕಂಪ್ಯೂಟರಿನ ಫೈರ್‌ಫಾಕ್ಸ್ ಬರಿಯ ಖಾಲಿ ಪೆಟ್ಟಿಗೆ ತೋರಿಸುತ್ತದೆ. ನೀವು 05/2027 ಎಂದೋ ‘ಮೇ 2027’ ಎಂದೋ ಬರೆದರೆ ಸರ್ವರ್ ತಿರಸ್ಕರಿಸುತ್ತದೆ, ಕಾರಣವನ್ನೂ ಹೇಳುವುದಿಲ್ಲ. ಅದಕ್ಕೆ ಬೇಕಿರುವುದು 2027-05 ಎಂಬ ರೂಪ: ಮೊದಲು ವರ್ಷ, ನಡುವೆ ಅಡ್ಡಗೆರೆ, ಎರಡಂಕಿಯಲ್ಲಿ ತಿಂಗಳು. ಹಾಗೆ ಬರೆದರೆ ಫಾರ್ಮ್ ಮುಂದಕ್ಕೆ ಹೋಗುತ್ತದೆ.

ಹೆಸರಿನ ತಪಾಸಣೆಗೆ ಮದ್ದು ವೇಷ. ‘ಕ್ರೋಮ್ ಮಾಸ್ಕ್’ ಎಂಬ ಆಡ್-ಆನ್ ಹಾಕಿಕೊಂಡು, ತಡೆದ ಸೈಟಿನಲ್ಲಿ ಅದನ್ನು ಆನ್ ಮಾಡಿದರೆ ಆ ಸೈಟಿಗೆ ಮಾತ್ರ ನೀವು ಕ್ರೋಮ್ ಆಗಿ ಕಾಣುತ್ತೀರಿ. ಆಂಡ್ರಾಯ್ಡ್ ಫೋನಿನಲ್ಲೂ ಸಿಗುತ್ತದೆ. ವೇಷ ಹಾಕಿದ ಮೇಲೆ ಎಲ್ಲವೂ ಸುಸೂತ್ರವಾದರೆ ಆ ಸೈಟಿಗೆ ನಿಮ್ಮನ್ನು ತಡೆಯಲು ತಾಂತ್ರಿಕ ಕಾರಣವೇ ಇರಲಿಲ್ಲ ಎಂದರ್ಥ. ಬಿಳಿ ಪುಟ ಬಂದರೆ ಎಫ್12 ಒತ್ತಿ, ಪುಟದ ದೋಷಗಳು ಕಾಣುವ ಕನ್ಸೋಲ್ ನೋಡಿ. ‘ನ್ಯಾವಿಗೇಟರ್.ಯೂಸರ್‌ಏಜೆಂಟ್‌ಡೇಟಾ ಈಸ್ ಅನ್‌ಡಿಫೈನ್ಡ್’ ಎಂಬ ಕೆಂಪು ಸಾಲು ಕಂಡರೆ ಸೈಟ್ ಕ್ರೋಮಿಯಂ ಕುಟುಂಬದ ಗುರುತಿನ ಚೀಟಿಯನ್ನು ಕೇಳುತ್ತಿದೆ. ಗೆಕೋದಲ್ಲಿ ಆ ಸೌಲಭ್ಯವಿಲ್ಲ.

‘ಅಬೌಟ್:ಕಾನ್ಫಿಗ್’ಗೆ ಹೋಗಿ ‘ಜನರಲ್.ಯೂಸರ್‌ಏಜೆಂಟ್.ಓವರ್‌ರೈಡ್’ನಲ್ಲಿ ಕ್ರೋಮಿನ ಸಾಲು ತುಂಬುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದನ್ನು ಕೇಳಬೇಡಿ. ಅದು ಎಲ್ಲ ಸೈಟಿಗೂ ಅನ್ವಯಿಸುತ್ತದೆ, ಮತ್ತು ಬ್ರೌಸರ್ ಅಪ್‌ಡೇಟ್ ಆದರೂ ಆ ಸಾಲು ಅಲ್ಲೇ ನಿಂತಿರುತ್ತದೆ. ವರ್ಷ ಕಳೆದ ಮೇಲೆ ‘ನಿಮ್ಮ ಕ್ರೋಮ್ ತುಂಬಾ ಹಳೆಯದು’ ಎಂದು ಸೈಟ್‌ಗಳು ಗೊಣಗತೊಡಗಿದಾಗ ಕಾರಣ ನೆನಪಿಗೇ ಬರುವುದಿಲ್ಲ.

ವೇಷ ಕೈಕೊಡುವುದಷ್ಟೇ ಅಲ್ಲ, ತಿರುಗಿಬೀಳುವ ಜಾಗವೂ ಒಂದಿದೆ: ‘ನೀವು ಮನುಷ್ಯರೇ?’ ಎಂದು ಕೇಳಿ ಬಾಟ್‌ಗಳನ್ನು (ಮನುಷ್ಯರಂತೆ ನಟಿಸುವ ಪ್ರೋಗ್ರಾಂಗಳು) ಹಿಡಿಯುವ ಪರೀಕ್ಷೆ. ಇದು ಕೇವಲ ಹೆಸರು ಓದುವುದಿಲ್ಲ. ಸುರಕ್ಷಿತ ಸಂಪರ್ಕ ಶುರುವಾಗುವಾಗ ಬ್ರೌಸರ್ ತನಗೆ ಗೊತ್ತಿರುವ ಗೂಢಲಿಪಿಗಳ ಪಟ್ಟಿಯನ್ನು ಸರ್ವರಿಗೆ ಕೊಡುತ್ತದೆ. ಅದರಲ್ಲಿ ಏನೇನಿದೆ, ಯಾವ ಕ್ರಮದಲ್ಲಿದೆ ಎನ್ನುವುದು ಇಂಜಿನ್‌ನಿಂದ ಇಂಜಿನ್‌ಗೆ ಬೇರೆ. ಹೆಸರು ಕ್ರೋಮಿನದು, ಪಟ್ಟಿ ಫೈರ್‌ಫಾಕ್ಸಿನದು ಎಂದಾದರೆ ಯಂತ್ರದ ಕಣ್ಣಿಗೆ ನೀವು ಸುಳ್ಳು ಹೇಳುವ ಬಾಟ್. ಪರೀಕ್ಷೆ ಮುಗಿಯುತ್ತದೆ, ಮತ್ತೆ ಮೊದಲಿಗೇ ಬರುತ್ತದೆ, ಹೀಗೇ ಸುತ್ತು. ‘ಪ್ರೈವೆಸಿ.ರೆಸಿಸ್ಟ್‌ಫಿಂಗರ್‌ಪ್ರಿಂಟಿಂಗ್’ ಎಂಬ, ಬ್ರೌಸರಿನ ಗುರುತು ಮರೆಸುವ ಸೆಟ್ಟಿಂಗ್ ಆನ್ ಮಾಡಿಕೊಂಡವರಿಗೂ ಇದೇ ಗತಿ, ಏಕೆಂದರೆ ಅದು ನಿಮ್ಮ ಗಡಿಯಾರವನ್ನು ಯುಟಿಸಿ (ಜಾಗತಿಕ ಮಾನಕ ಸಮಯ) ಎಂದು ತೋರಿಸುತ್ತದೆ, ಪುಟದ ಕೋಡ್ ಬಿಡಿಸುವ ಕ್ಯಾನ್ವಾಸ್ ಚಿತ್ರಗಳನ್ನು ಕಲಸುತ್ತದೆ. ಅಡ್ಡಪರಿಣಾಮವಾಗಿ ವೆಬ್ ಕ್ಯಾಲೆಂಡರಿನಲ್ಲಿ ಮೀಟಿಂಗ್ ಸಮಯಗಳೂ ತಪ್ಪಾಗಿ ಕಾಣುತ್ತವೆ. ಸುತ್ತಿನಲ್ಲಿ ಸಿಕ್ಕಿಕೊಂಡಾಗ ಮಾಡಬೇಕಾದ್ದು ಉಲ್ಟಾ ಕೆಲಸ: ವೇಷ ಕಳಚಿ, ಆ ಸೆಟ್ಟಿಂಗ್ ಆಫ್ ಮಾಡಿ, ವಿಪಿಎನ್ ನಿಲ್ಲಿಸಿ, ಸೈಟಿನ ಕುಕಿ ಅಳಿಸಿ ಮತ್ತೆ ಬನ್ನಿ.

ಫೈರ್‌ಫಾಕ್ಸಿನವರಿಗೆ ಈ ಸಂಕಟ ಅಪರೂಪ. ಇನ್ನೂ ಚಿಕ್ಕವರಿಗೆ ಇದು ಬದುಕಿನ ಪ್ರಶ್ನೆ. ಗೊಆನಾ ಎಂಬ ಇಂಜಿನ್ ಇರುವ ಪೇಲ್ ಮೂನ್ ಬ್ರೌಸರ್ ಬಳಸುವವರು 2025ರ ಆರಂಭದಲ್ಲಿ ಕ್ಲೌಡ್‌ಫ್ಲೇರ್ ಕಂಪನಿಯ ಬಾಟ್ ಪರೀಕ್ಷೆಯನ್ನು ದಾಟಲಾಗದೆ ಒದ್ದಾಡಿದರು. ಪರೀಕ್ಷೆ ಒಂದೇ ಕಂಪನಿಯದಾದರೂ ಅದು ಅಸಂಖ್ಯ ಸೈಟ್‌ಗಳ ಮುಂದೆ ನಿಂತಿರುವುದರಿಂದ, ಅಲ್ಲಿ ಫೇಲಾದರೆ ಅರ್ಧ ಜಾಲವೇ ಮುಚ್ಚಿದಂತೆ. ನನ್ನ ಮಟ್ಟಿಗೆ ‘ಕ್ರೋಮ್ ಬಳಸಿ’ ಎನ್ನುವ ಫಲಕಕ್ಕಿಂತ ಇದು ಹೆಚ್ಚು ಅಪಾಯಕಾರಿ. ಫಲಕ ಹಾಕಿದವರು ಕೊನೇಪಕ್ಷ ನಿಮ್ಮನ್ನು ತಡೆದಿದ್ದೇವೆ ಎಂದು ಒಪ್ಪಿಕೊಳ್ಳುತ್ತಾರೆ.

ನಿಜವಾಗಿಯೂ ಇಲ್ಲದ ಸೌಲಭ್ಯಗಳಿಗೆ ಬರೋಣ. ಯುಎಸ್‌ಬಿ ಸಾಧನದ ಜೊತೆ ನೇರವಾಗಿ ಮಾತನಾಡುವ ಪುಟಗಳು (ಫೋನಿಗೆ ಬೇರೆ ಆಪರೇಟಿಂಗ್ ಸಿಸ್ಟಂ ಹಾಕುವಂಥವು), ಮೆಕ್ಯಾನಿಕಲ್ ಕೀಬೋರ್ಡಿನ ಕೀಲಿ ಬದಲಿಸುವ ಪುಟಗಳು, ಬ್ಲೂಟೂತ್ ಮೂಲಕ ಸಾಧನ ಜೋಡಿಸುವವು, ಕಂಪ್ಯೂಟರಿನ ಇಡೀ ಫೋಲ್ಡರ್ ತೆರೆದು ಅಲ್ಲೇ ಉಳಿಸುವ ಕೋಡ್ ಎಡಿಟರ್‌ಗಳು ಫೈರ್‌ಫಾಕ್ಸಿನಲ್ಲಿ ನಡೆಯುವುದಿಲ್ಲ. ಮೈಕ್ ಒತ್ತಿ ಮಾತಾಡಿ ಬರೆಸುವ ಬಟನ್ ಕೂಡ ಬಹುತೇಕ ಕಡೆ ಮಾಯ. ಇವಕ್ಕೆ ವೇಷ ಹಾಕಿ ಪ್ರಯೋಜನವಿಲ್ಲ. ಕೆಲವನ್ನು ಮೊಜಿಲ್ಲಾ ಸುರಕ್ಷತೆಯ ಕಾರಣ ಕೊಟ್ಟು ದೂರವಿಟ್ಟಿದೆ. ಯಾವುದೋ ಪುಟ ಯುಎಸ್‌ಬಿ ಪೋರ್ಟಿಗೆ ಕೈಹಾಕುವುದು ನನಗೂ ಬೇಡ, ಹಾಗಾಗಿ ಇದನ್ನು ಕೊರತೆ ಎಂದು ಅಂಕ ಕಳೆಯುವುದಿಲ್ಲ. ಈ ಕೆಲಸಗಳಿಗೆಂದು ಕ್ರೋಮಿಯಂ ಬಳಗದ ಒಂದು ಬ್ರೌಸರ್ ಇಟ್ಟುಕೊಳ್ಳಿ, ಅದರಲ್ಲಿ ಲಾಗಿನ್‌ಗಳನ್ನು ಉಳಿಸಬೇಡಿ.

ಸಿನಿಮಾ, ಧಾರಾವಾಹಿಯ ಸೇವೆಗಳು ನಡೆಯುತ್ತವೆ. ಮೊದಲ ಸಲ ಡಿಆರ್‌ಎಂ (ನಕಲು ತಡೆ) ಅನುಮತಿ ಕೇಳಿದಾಗ ಒಪ್ಪಬೇಕು, ಆಮೇಲೆ ಅದಕ್ಕೆ ಬೇಕಾದ ವೈಡ್‌ವೈನ್ ಘಟಕ ಇಳಿಯುವವರೆಗೆ ಒಂದೆರಡು ನಿಮಿಷ ಕಾದು ಪುಟ ರಿಫ್ರೆಶ್ ಮಾಡಬೇಕು. ಲಿನಕ್ಸಿನಲ್ಲಿ ರಕ್ಷಣೆ ಸಾಫ್ಟ್‌ವೇರ್ ಮಟ್ಟದ್ದಾದ್ದರಿಂದ ಅತಿ ಹೆಚ್ಚಿನ ರೆಸಲ್ಯೂಶನ್ ಸಿಗದಿರಬಹುದು.

ಪುಟದ ವಿನ್ಯಾಸ ಚೆಲ್ಲಾಪಿಲ್ಲಿಯಾಗುವುದು ಮೊದಲಿನಷ್ಟಿಲ್ಲ. ಆ್ಯಪಲ್, ಗೂಗಲ್, ಮೈಕ್ರೋಸಾಫ್ಟ್, ಮೊಜಿಲ್ಲಾ ಕೂಡಿ 2022ರಿಂದ ನಡೆಸುತ್ತಿರುವ, ಎಲ್ಲ ಬ್ರೌಸರಿನಲ್ಲೂ ಪುಟ ಒಂದೇ ರೀತಿ ನಡೆಯಲೆಂಬ ಇಂಟರಾಪ್ ಯೋಜನೆಯ ಫಲ ಕಣ್ಣಿಗೆ ಕಾಣುತ್ತದೆ. ಆದರೂ ಹೊಸ ಸಿಎಸ್‌ಎಸ್ (ಪುಟದ ವಿನ್ಯಾಸದ ಭಾಷೆ) ಸೌಲಭ್ಯಗಳು ಇಲ್ಲಿಗೆ ತಡವಾಗಿ ಬಂದದ್ದುಂಟು. ‘ಹ್ಯಾಸ್’ ಸೆಲೆಕ್ಟರ್ ಕ್ರೋಮಿಗೆ 2022ರಲ್ಲಿ ಬಂದರೆ ಫೈರ್‌ಫಾಕ್ಸಿಗೆ ಬಂದದ್ದು 2023ರ ಡಿಸೆಂಬರ್‌ನ 121ನೇ ಆವೃತ್ತಿಯಲ್ಲಿ. ನಡುವಿನ ಅವಧಿಯಲ್ಲಿ ಅದನ್ನು ನೆಚ್ಚಿದ ಮೆನುಗಳು ತೆರೆದುಕೊಳ್ಳುತ್ತಿರಲಿಲ್ಲ.

ಫೋನಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಐಫೋನಿನಲ್ಲಿ ಫೈರ್‌ಫಾಕ್ಸ್ ಹೆಸರಿಗಷ್ಟೇ ಫೈರ್‌ಫಾಕ್ಸ್, ಒಳಗಿರುವುದು ವೆಬ್‌ಕಿಟ್, ಆದ್ದರಿಂದ ಸಫಾರಿಯಲ್ಲಿ ನಡೆದದ್ದು ಇಲ್ಲೂ ನಡೆಯುತ್ತದೆ. ಆಂಡ್ರಾಯ್ಡ್‌ನಲ್ಲಿ ಗೆಕೋ ಇದೆ, ಮೇಲೆ ಹೇಳಿದ್ದೆಲ್ಲ ಅನ್ವಯಿಸುತ್ತದೆ.

ಬೇರೆ ಚಿಕ್ಕ ಬ್ರೌಸರ್ ಆರಿಸುವುದಾದರೆ ವಿವಾಲ್ಡಿ, ಬ್ರೇವ್‌ಗಳಲ್ಲಿ ಇಂಜಿನಿನ ತೊಡಕಿಲ್ಲ, ಹೆಸರಿನ ತೊಡಕೂ ಹೆಚ್ಚಿಲ್ಲ. ವಿವಾಲ್ಡಿ 2019ರ ಕೊನೆಯಲ್ಲಿ ತನ್ನ ಹೆಸರನ್ನೇ ಯೂಸರ್ ಏಜೆಂಟಿನಿಂದ ತೆಗೆದು ಕ್ರೋಮ್ ಎಂದು ಹೇಳಿಕೊಳ್ಳತೊಡಗಿತು. ಬಳಸುವವರಿಗೆ ನೆಮ್ಮದಿ, ಆದರೆ ಸೈಟಿನ ಲೆಕ್ಕದ ಪುಸ್ತಕದಲ್ಲಿ ಅವರೆಲ್ಲ ಕ್ರೋಮ್ ಬಳಕೆದಾರರೇ. ವೇಷ ಹಾಕಿದ ಫೈರ್‌ಫಾಕ್ಸಿನವರೂ ಅಲ್ಲೇ ಸೇರುತ್ತಾರೆ. ಜೊತೆಗೆ ನಮ್ಮಲ್ಲಿ ಬಹಳ ಜನ ಸೈಟಿಗೆ ಬಂದವರನ್ನು ಎಣಿಸುವ ಸ್ಕ್ರಿಪ್ಟ್‌ಗಳನ್ನೇ ತಡೆದಿರುತ್ತೇವೆ. ‘ಫೈರ್‌ಫಾಕ್ಸ್ ಬಳಸುವವರೇ ಇಲ್ಲ, ಪರೀಕ್ಷೆ ಯಾಕೆ?’ ಎಂಬ ವಾದಕ್ಕೆ ಹೀಗೆ ನಾವೇ ಅಂಕಿ ಅಂಶ ಒದಗಿಸುತ್ತಿರುತ್ತೇವೆ.

ಆ ಕಾರಣಕ್ಕೇ ವೇಷ ಹಾಕಿ ಸುಮ್ಮನಾಗುವ ಮುನ್ನ ಮೆನುವಿನ ‘ರಿಪೋರ್ಟ್ ಬ್ರೋಕನ್ ಸೈಟ್’ನಲ್ಲಿ ದೂರು ಹಾಕಿ. ಯಾವ ಪುಟ, ಯಾವ ಬಟನ್, ವೇಷ ಹಾಕಿದರೆ ನಡೆಯಿತೇ ಇಲ್ಲವೇ ಎಂಬ ಮೂರು ಮಾತು ಸಾಕು. ‘ಅಬೌಟ್:ಕಾಂಪ್ಯಾಟ್’ ತೆರೆದರೆ ಮೊಜಿಲ್ಲಾ ತಾನೇ ಯಾವ ಯಾವ ಸೈಟಿಗೆ ಬೇರೆ ಯೂಸರ್ ಏಜೆಂಟ್ ಕೊಡುತ್ತಿದೆ, ಎಲ್ಲಿ ತೇಪೆ ಹಾಕಿದೆ ಎಂಬ ಪಟ್ಟಿ ಸಿಗುತ್ತದೆ. ಪ್ರತಿಯೊಂದರ ಪಕ್ಕದಲ್ಲೂ ಆಫ್ ಮಾಡುವ ಬಟನ್ ಇದೆ. ನಿಮ್ಮ ಸೈಟ್ ಆ ಪಟ್ಟಿಯಲ್ಲಿದ್ದೂ ಕೆಟ್ಟಿದ್ದರೆ ಒಮ್ಮೆ ತೇಪೆ ಆಫ್ ಮಾಡಿ ನೋಡಿ, ಸೈಟಿನವರು ಈಚೆಗೆ ಕೋಡ್ ಬದಲಿಸಿ ಹಳೇ ತೇಪೆಯೇ ಈಗ ಅಡ್ಡಿಯಾಗಿರಬಹುದು. ನಿಮ್ಮ ಮಾಸ್ಕ್ ಪಟ್ಟಿಯನ್ನೂ ಕೆಲವು ತಿಂಗಳಿಗೊಮ್ಮೆ ಖಾಲಿ ಮಾಡಿ. ಹಾಗೆ ಮಾಡಿದಾಗ ಬಹುತೇಕ ಸೈಟ್‌ಗಳು ವೇಷವಿಲ್ಲದೆಯೇ ತೆರೆಯುತ್ತವೆ, ತೆರೆಯದ ಒಂದೆರಡನ್ನು ಮಾತ್ರ ಮತ್ತೆ ಸೇರಿಸಿಕೊಂಡರಾಯಿತು.

ಅಂಕ: ಬ್ರೌಸರಿಗೆ 5ಕ್ಕೆ 4. ಕಳೆದ ಒಂದರಲ್ಲಿ ಅರ್ಧ ತಿಂಗಳಿನ ಪೆಟ್ಟಿಗೆಗೆ, ಅರ್ಧ ತಡವಾಗಿ ಬರುವ ಸಿಎಸ್‌ಎಸ್‌ಗೆ.