ಒಂದು ಬಕೆಟಿನ ಹಾಲು ಕರೆಯುವ ಯಂತ್ರ: ಕಾಸರಗೋಡಿನ ಹಟ್ಟಿಗೆ ಎಷ್ಟು ಹೊಂದುತ್ತದೆ?

ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಪೈವಳಿಕೆ ಕಡೆ ನಾಲ್ಕಾರು ದನ ಕಟ್ಟಿದ ಮನೆಗಳಲ್ಲಿ ಈಗ ಏಳುವ ಪ್ರಶ್ನೆ, ಮಿಷಿನು ತರುವುದಾ ಬೇಡವಾ ಎಂದು. ಇಲ್ಲಿ ನೋಡುತ್ತಿರುವುದು ಚಕ್ರದ ಗಾಡಿಯ ಮೇಲೆ ಮೋಟರು, ಗಾಳಿ ಹೀರುವ ವ್ಯಾಕ್ಯೂಮ್ ಪಂಪು, 25 ಲೀಟರಿನ ಒಂದು ಸ್ಟೀಲ್ ಬಕೆಟ್, ಒಂದು ಕ್ಲಸ್ಟರ್ (ಮೊಲೆಗಳಿಗೆ ಹಾಕುವ ನಾಲ್ಕು ಕಪ್ಪುಗಳ ಗೊಂಚಲು) ಇರುವ ಸಣ್ಣ ಮಾದರಿಯನ್ನು. ಹತ್ತಾರು ಹೆಸರುಗಳಲ್ಲಿ ಬಂದರೂ ಒಳಗಿನ ಅಂಗಗಳು ಹೆಚ್ಚುಕಡಿಮೆ ಒಂದೇ. ಮಾದರಿಗೆ ತಕ್ಕಂತೆ ಮೂವತ್ತು ಸಾವಿರದಿಂದ ಅರುವತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಹಾಗಾಗಿ ಕಂಪೆನಿಯ ಹೆಸರು ಬದಿಗಿಟ್ಟು ಯಂತ್ರವನ್ನೇ ನೋಡೋಣ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಹೊತ್ತು ಉಳಿಸಲೆಂದು ಇದನ್ನು ತರುವವರಿಗೆ ನಿರಾಶೆಯಾಗುತ್ತದೆ. ಹಾಲು ಕರೆಯಲು ಜನ ಸಿಗುವುದಿಲ್ಲ, ಮನೆಯವರ ಮಣಿಕಟ್ಟು ಸೋತಿದೆ ಎಂದು ತರುವವರಿಗೆ ಕೊಟ್ಟ ಹಣ ದಂಡವಲ್ಲ, ತೊಳೆಯುವ ಶಿಸ್ತು ಇದ್ದರೆ ಮಾತ್ರ.

ಲೆಕ್ಕ ಹಾಕಿ ನೋಡಿ. ಬೆಳಗ್ಗೆ ಹತ್ತು ಲೀಟರ್ ಕೊಡುವ ಮಿಶ್ರತಳಿ ದನವನ್ನು ಕೈಯಲ್ಲಿ ಕರೆಯಲು ಎಂಟು-ಹತ್ತು ಮಿನಿಟು ಬೇಕು. ಯಂತ್ರಕ್ಕೆ ಐದಾರು ಮಿನಿಟು. ಆದರೆ ದನ ಎರಡಿರಲಿ ಹತ್ತಿರಲಿ, ಯಂತ್ರ ಜೋಡಿಸಲು ಐದು ಮಿನಿಟು, ಸರಿಯಾಗಿ ತೊಳೆಯಲು ಇಪ್ಪತ್ತು ಮಿನಿಟು ಹೋಗಿಯೇ ಹೋಗುತ್ತದೆ. ಎರಡು ದನದ ಮನೆಯಲ್ಲಿ ಕೈಯೇ ಬೇಗ. ಆರೇಳು ದನಕ್ಕೆ ಹೆಚ್ಚುಕಡಿಮೆ ಸರಿಸಮ. ಅಲ್ಲಿಂದ ಮೇಲೆ ಯಂತ್ರದ ಪಾಲು ಹೆಚ್ಚುತ್ತದೆ. ಒಂದು ದನಕ್ಕೆ ಕಪ್ಪು ಹಾಕಿ ಪಕ್ಕದ ದನದ ಮೊಲೆ ತೊಳೆಯಬಹುದು ಎನ್ನುವುದು ಮಾತ್ರ ಎಲ್ಲರಿಗೂ ಸಿಗುವ ಲಾಭ.

ಈ ಸಣ್ಣ ಯಂತ್ರಕ್ಕೆ ಇಷ್ಟು ಗಿರಾಕಿ ಹುಟ್ಟಿದ್ದಕ್ಕೆ ಕಾರಣ ನಮ್ಮ ಊರಿಗಿಂತ ದೊಡ್ಡದು. ದೇಶದಲ್ಲಿ 1950-51ರಲ್ಲಿ ವರ್ಷಕ್ಕೆ 1.7 ಕೋಟಿ ಟನ್ ಹಾಲು ಸಿಗುತ್ತಿತ್ತು. 2023-24ರಲ್ಲಿ ಅದು 23.9 ಕೋಟಿ ಟನ್, ಅಂದರೆ ತಲೆಗೆ ದಿನಕ್ಕೆ 471 ಗ್ರಾಂ. 1970ರಿಂದ 1996ರವರೆಗೆ ನಡೆದ ಆಪರೇಷನ್ ಫ್ಲಡ್ ಹಳ್ಳಿಯ ಹಾಲನ್ನು ಸೊಸೈಟಿಗಳ ಮೂಲಕ ಪೇಟೆಗೆ ಮುಟ್ಟಿಸುವ ದಾರಿ ಮಾಡಿತು. ಪೇಟೆ ಬೆಳೆದ ಹಾಗೆ, ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡಿದ ಹಾಗೆ, ಚಹಾ, ಮೊಸರು, ಸಿಹಿತಿಂಡಿಯ ಖರ್ಚು ಏರಿತು. ಏಷ್ಯಾ, ಆಫ್ರಿಕಾದ ಹಲವು ದೇಶಗಳದ್ದೂ ಇದೇ ಕಥೆ. ಆ ಬೇಡಿಕೆಯ ದೊಡ್ಡ ಪಾಲನ್ನು ಇಂದಿಗೂ ತುಂಬಿಸುತ್ತಿರುವುದು ಕೆಲವೇ ದನದ ಸಣ್ಣ ಹಟ್ಟಿಗಳು. ಹಾಲು ಹೆಚ್ಚಿತು, ಕರೆಯುವ ಕೈ ಹೆಚ್ಚಲಿಲ್ಲ. ನಮ್ಮಲ್ಲಂತೂ ಮಕ್ಕಳು ಮಂಗಳೂರು, ಬೆಂಗಳೂರು, ಗಲ್ಫ್ ಸೇರಿದ ಮೇಲೆ ಬೆಳಗ್ಗೆ ಐದೂವರೆಗೆ ಹಟ್ಟಿಗೆ ಇಳಿಯುವವರು ಅರುವತ್ತು ದಾಟಿದವರು. ನೂರಾರು ದನದ ಫಾರ್ಮಿನ ಪಾರ್ಲರ್ (ಹಾಲು ಕರೆಯಲೆಂದೇ ಕಟ್ಟಿದ ಯಂತ್ರದ ಕೋಣೆ) ಇವರಿಗೆ ಹೊಂದುವುದಿಲ್ಲ. ಹೊಂದಬಹುದಾದದ್ದು ಈ ಒಂದು ಬಕೆಟ್.

ಈಗ ಯಂತ್ರದ ಹೊಟ್ಟೆಯೊಳಗೆ. ಕೊಳ್ಳುವಾಗ ಎಲ್ಲರೂ ಮೋಟರಿನ ಎಚ್‌ಪಿ ಕೇಳುತ್ತಾರೆ, ಬಕೆಟಿನ ಸ್ಟೀಲ್ ತಟ್ಟಿ ನೋಡುತ್ತಾರೆ. ದನದ ಕೆಚ್ಚಲಿನ ಗತಿ ನಿರ್ಧರಿಸುವುದು ಬೇರೆ ಮೂರು ವಸ್ತು: ರೆಗ್ಯುಲೇಟರ್, ಪಲ್ಸೇಟರ್, ಮತ್ತು ಕಪ್ಪಿನೊಳಗೆ ಮೊಲೆಗೆ ತಾಗುವ ಮೆದು ಕೊಳವೆ, ಅಂದರೆ ಲೈನರ್.

ಬಕೆಟ್ ಯಂತ್ರಕ್ಕೆ ಬೇಕಾದ ವ್ಯಾಕ್ಯೂಮ್ 42ರಿಂದ 44 ಕಿಲೋಪ್ಯಾಸ್ಕಲ್. ಮೀಟರಿನಲ್ಲಿ ಇಂಚು ಬರೆದಿದ್ದರೆ ಮುಳ್ಳು ಹನ್ನೆರಡೂವರೆ-ಹದಿಮೂರರಲ್ಲಿ ನಿಲ್ಲಬೇಕು. ಪಾದರಸದ ಮಿಲಿಮೀಟರ್ ಇದ್ದರೆ 315-330. 50 ಕಿಲೋಪ್ಯಾಸ್ಕಲ್ ದಾಟಿಸಿದರೆ ಹಾಲು ಒಂದಿಷ್ಟು ಬೇಗ ಬರುತ್ತದೆ, ಮೊಲೆಯ ತುದಿ ಮಾತ್ರ ಕೆಲವೇ ವಾರದಲ್ಲಿ ಒರಟಾಗಿ ಬಿಳಿ ಉಂಗುರದಂತೆ ದಡ್ಡುಗಟ್ಟುತ್ತದೆ. ಆ ಬಿರುಕಿನಲ್ಲಿ ರೋಗಾಣು ಕೂತು ಕೆಚ್ಚಲು ಬಾವಿಗೆ ದಾರಿಯಾಗುತ್ತದೆ. ಕಡಿಮೆಯಾದರೆ ಕಪ್ಪುಗಳು ಜಾರಿ ಬೀಳುತ್ತವೆ, ಬೀಳುವಾಗ ಸೆಗಣಿ ಎಳೆದುಕೊಳ್ಳುತ್ತವೆ. ಈ ಮಟ್ಟವನ್ನು ಹಿಡಿದಿಡುವುದು ರೆಗ್ಯುಲೇಟರ್. ಹಿಂಡಿಯ ಹುಡಿ, ಜೇಡರ ಬಲೆ ಸೇರಿದರೆ ಅದು ಸಿಕ್ಕಿಕೊಳ್ಳುತ್ತದೆ, ಮುಳ್ಳು ಮೇಲೇರುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ ಒಣಬಟ್ಟೆಯಲ್ಲಿ ಒರಸಿ, ಎಣ್ಣೆ ಹಾಕಬೇಡಿ.

ಪಂಪಿಗೆ ತಾಕತ್ತಿದೆಯೇ ಎಂದು ಅಂಗಡಿಯಲ್ಲೇ ನೋಡಬಹುದು. ನಾಲ್ಕೂ ಕಪ್ಪು ಮುಚ್ಚಿ ಮುಳ್ಳು ನಿಂತ ಮೇಲೆ ಒಂದು ಕಪ್ಪನ್ನು ಐದು ಸೆಕೆಂಡು ಗಾಳಿಗೆ ತೆರೆದು ಮತ್ತೆ ಮುಚ್ಚಿ. ಮೂರು ಸೆಕೆಂಡಿನೊಳಗೆ ಮುಳ್ಳು ಮೊದಲಿನ ಜಾಗಕ್ಕೆ ಬಂದರೆ ಸರಿ. ತಡವಾದರೆ ಪಂಪು ಸಣ್ಣದು, ಇಲ್ಲವೇ ಎಲ್ಲೋ ಸೋರುತ್ತಿದೆ. ಮೀಟರೇ ಇಲ್ಲದ ಯಂತ್ರ ಎಷ್ಟು ಅಗ್ಗವಾದರೂ ಬೇಡ.

ಪಲ್ಸೇಟರ್ ಕೆಲಸ ಹೀಗೆ: ಲೈನರ್ ಮತ್ತು ಹೊರಗಿನ ಚಿಪ್ಪಿನ ನಡುವಿನ ಜಾಗಕ್ಕೆ ಒಮ್ಮೆ ವ್ಯಾಕ್ಯೂಮ್, ಒಮ್ಮೆ ಗಾಳಿ ಬಿಡುತ್ತದೆ. ವ್ಯಾಕ್ಯೂಮ್ ಬಂದಾಗ ಲೈನರ್ ತೆರೆದು ಹಾಲು ಹರಿಯುತ್ತದೆ, ಗಾಳಿ ಬಂದಾಗ ಲೈನರ್ ಮುಚ್ಚಿ ಮೊಲೆಯನ್ನು ಒತ್ತುತ್ತದೆ. ಆ ಒತ್ತು ಮೊಲೆಯಲ್ಲಿ ಕಟ್ಟಿದ ರಕ್ತ ಹಿಂದಕ್ಕೆ ಹೋಗಲಿಕ್ಕೆ. ಮಿನಿಟಿಗೆ 60 ಸಲ, ತೆರೆದಿರುವುದು ಶೇ. 60, ಮುಚ್ಚಿರುವುದು ಶೇ. 40. ಕೆಟ್ಟದ್ದೇನೆಂದರೆ, ಪಲ್ಸೇಟರ್ ಕೆಟ್ಟರೂ ಹಾಲು ಬರುತ್ತಲೇ ಇರುತ್ತದೆ. ದನ ಒದೆಯುವವರೆಗೆ, ಮೊಲೆಯ ತುದಿ ನೀಲಿಯಾಗುವವರೆಗೆ ಗೊತ್ತಾಗುವುದಿಲ್ಲ. ದಿನಾ ಶುರುವಿಗೆ ಹೆಬ್ಬೆರಳನ್ನು ಲೈನರಿನೊಳಗೆ ಇಟ್ಟು ಒತ್ತು ಎಣಿಸಿ, ನಾಲ್ಕೂ ಕಪ್ಪಿನಲ್ಲಿ. ಗಾಳಿಯಿಂದ ನಡೆಯುವ ಪಲ್ಸೇಟರಿನ ಸ್ಕ್ರೂ ತಿರುಗಿಸಿ ವೇಗ ಸರಿಮಾಡಬಹುದು, ಫಿಲ್ಟರ್ ತೊಳೆದರೆ ಸಾಕಾಗುವುದೂ ಉಂಟು. ಎಲೆಕ್ಟ್ರಾನಿಕ್ ಪಲ್ಸೇಟರ್ ವೇಗ ತಪ್ಪುವುದಿಲ್ಲ. ನಮ್ಮ ಮಳೆಗಾಲದ ತೇವಕ್ಕೆ ಅದರ ಸಂದುಗಳು ಹಸಿರುಗಟ್ಟುತ್ತವೆ, ರಿಪೇರಿ ಹಳ್ಳಿಯಲ್ಲಿ ಆಗುವುದಿಲ್ಲ. ಈ ಸೀಮೆಗೆ ನಮ್ಮ ಮತ ಗಾಳಿಯದ್ದಕ್ಕೆ.

ರಬ್ಬರ್ ಲೈನರಿನ ಆಯುಸ್ಸು 2500 ಕರೆತ, ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ಹತ್ತು ದನವನ್ನು ಎರಡು ಹೊತ್ತು ಕರೆದರೆ ದಿನಕ್ಕೆ 20, ಅಂದರೆ 125 ದಿನಕ್ಕೆ ಹೊಸದು. ಕಣ್ಣಿಗೆ ಚೆನ್ನಾಗಿ ಕಂಡರೂ ರಬ್ಬರ್ ಕೊಬ್ಬು ಹೀರಿ ಊದಿರುತ್ತದೆ, ಸೆಳೆತ ಕಳೆದುಕೊಂಡಿರುತ್ತದೆ. ಈ ಖರ್ಚನ್ನು ಮಾರುವವರು ಹೇಳುವುದಿಲ್ಲ, ಕೊಳ್ಳುವವರೂ ಕೇಳುವುದಿಲ್ಲ. ಸಿಲಿಕಾನ್ ಲೈನರ್ ಹೆಚ್ಚು ಬಾಳುತ್ತದೆ, ಬೆಲೆಯೂ ಹೆಚ್ಚು.

ಕರೆಯುವ ಕ್ರಮದಲ್ಲಿ ಯಂತ್ರ ಕ್ಷಮಿಸದ ಒಂದು ಸಂಗತಿ ಇದೆ: ಹೊತ್ತು. ಮೊಲೆ ಮುಟ್ಟಿ ತೊಳೆದ ಒಂದು-ಒಂದೂವರೆ ಮಿನಿಟಿಗೆ ದನ ಸೊರೆ ಬಿಡುತ್ತದೆ (ಕೆಚ್ಚಲಿನ ಹಾಲನ್ನು ಮೊಲೆಗೆ ಇಳಿಸುತ್ತದೆ), ಆಮೇಲೆ ಐದಾರು ಮಿನಿಟು ಮಾತ್ರ ಅದರ ಬಲ. ಹಾಗಾಗಿ ಎಲ್ಲ ದನಗಳನ್ನೂ ಒಟ್ಟಿಗೆ ತೊಳೆದು ಆಮೇಲೆ ಒಂದೊಂದಾಗಿ ಯಂತ್ರ ಹಾಕುವ ಪದ್ಧತಿ ತಪ್ಪು. ಪ್ರತಿ ಮೊಲೆಯಿಂದ ಮೂರು-ನಾಲ್ಕು ಸೆಳೆ ಕಪ್ಪು ಬಣ್ಣದ ತಟ್ಟೆಗೆ ಹಿಂಡಿ ಗಡ್ಡೆ, ನೀರು, ರಕ್ತ ಇದೆಯೇ ನೋಡಿ. ಮೊಲೆಗಳನ್ನು ಮಾತ್ರ ತೊಳೆಯಿರಿ. ಇಡೀ ಕೆಚ್ಚಲು ನೆನೆಸಿದರೆ ಕೊಳೆನೀರು ಇಳಿದು ಕಪ್ಪಿಗೇ ಬರುತ್ತದೆ. ದನಕ್ಕೊಂದು ಬಟ್ಟೆಯಲ್ಲಿ ಒರಸಿ, ಮಿನಿಟು ಒಂದೂವರೆ ಆಗುವುದರೊಳಗೆ ಕಪ್ಪು ಹಾಕಿ. ಚೊಚ್ಚಲು ಕರುವಿನವು ಮೊದಲು, ಬಾವು ಬಂದು ಗುಣವಾದವು ಕೊನೆಗೆ, ಮದ್ದು ನಡೆಯುತ್ತಿರುವ ದನವನ್ನು ಕೈಯಲ್ಲೇ ಕರೆದು ಹಾಲು ಬೇರೆ ಇಡಿ.

ಹರಿವು ನಿಂತದ್ದು ಪಾರದರ್ಶಕ ಪೈಪಿನಲ್ಲಿ ಕಾಣುತ್ತದೆ. ಆಗ ಮೊದಲು ವ್ಯಾಕ್ಯೂಮ್ ಬಂದ್ ಮಾಡಿ, ಎರಡು-ಮೂರು ಸೆಕೆಂಡು ಕಾದು, ಕ್ಲಸ್ಟರ್ ತಾನಾಗಿ ಸಡಿಲವಾದ ಮೇಲೆ ತೆಗೆಯಿರಿ. ಎಳೆದು ತೆಗೆದರೆ ಮೊಲೆಗೆ ಪೆಟ್ಟು. ಹಾಲು ಮುಗಿದರೂ ಬಿಟ್ಟರೆ ಕಪ್ಪು ಮೇಲಕ್ಕೆ ತೆವಳಿ ಮೊಲೆಯ ಬುಡ ಹಿಸುಕುತ್ತದೆ, ಉಳಿದ ಹಾಲು ಅಲ್ಲೇ ಸಿಕ್ಕಿಬೀಳುತ್ತದೆ. ಕಾಲು-ಅರ್ಧ ಲೀಟರ್ ಉಳಿದರೆ ಚಿಂತೆಯಿಲ್ಲ. ದಿನಾ ಕೈಯಲ್ಲಿ ಹಿಂಡಿ ಮುಗಿಸುವ ಅಭ್ಯಾಸ ಮಾಡಿದರೆ ದನ ಆ ಕೊನೆಯ ಹಿಂಡುವಿಕೆಗೆಂದೇ ಹಾಲು ಹಿಡಿದಿಟ್ಟುಕೊಳ್ಳಲು ಕಲಿಯುತ್ತದೆ. ಕೊನೆಗೆ ಶೇ. 0.5ರ ಅಯೋಡಿನ್ ದ್ರಾವಣದಲ್ಲಿ ಮೊಲೆ ಅದ್ದಿ, ಅರ್ಧ ಗಂಟೆ ಮಲಗದಂತೆ ಹುಲ್ಲು ಹಾಕಿ ನಿಲ್ಲಿಸಿ.

ಯಂತ್ರ ಬಂದ ಮೇಲೆ ಸೊಸೈಟಿಯ ಚೀಟಿಯಲ್ಲಿ ಫ್ಯಾಟ್ ಇಳಿಯಿತು ಎಂಬ ದೂರು ಸಾಮಾನ್ಯ. ಯಂತ್ರ ಕೊಬ್ಬು ತಿನ್ನುವುದಿಲ್ಲ. ಮೊದಲ ಹಾಲಿನಲ್ಲಿ ಕೊಬ್ಬು ಕಡಿಮೆ, ಕೊನೆಯ ಹಾಲಿನಲ್ಲಿ ಅದರ ಹಲವು ಪಟ್ಟು. ಸೊರೆ ಸರಿಯಾಗಿ ಬಿಡದೆ ಲೀಟರ್ ಒಂದು-ಒಂದೂವರೆ ಒಳಗೇ ಉಳಿದರೆ ದಪ್ಪ ಹಾಲು ಕೆಚ್ಚಲಲ್ಲೇ ಉಳಿದ ಹಾಗೆ. ದನದ ಹಾಲಿಗೆ ಆಹಾರ ಕಾನೂನು ಕೇಳುವುದು ಕನಿಷ್ಠ ಶೇ. 3.2 ಫ್ಯಾಟ್, ಶೇ. 8.3 ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ), ಜಾಸ್ತಿ ಹಾಲಿನ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಗಳು ಆ ಗೆರೆಯ ಹತ್ತಿರವೇ ಇರುವುದರಿಂದ ಸ್ವಲ್ಪ ಏರುಪೇರೂ ರೇಟಿನಲ್ಲಿ ಕಾಣುತ್ತದೆ. ಹಿಂಡಿ ಬದಲಿಸುವ ಮೊದಲು ಸೊರೆಯ ಹೊತ್ತು ನೋಡಿಕೊಳ್ಳಿ. ಕರುವನ್ನು ಬಿಟ್ಟರೆ ಮಾತ್ರ ಸೊರೆ ಬಿಡುವ ದನಕ್ಕೆ ಯಂತ್ರ ಒಗ್ಗುವುದು ಕಷ್ಟ. ಚೊಚ್ಚಲು ದನವಾದರೆ ಕರು ಹಾಕುವ ಮೊದಲೇ ಕೆಲವು ದಿನ ಹಟ್ಟಿಯಲ್ಲಿ ಪಂಪು ಓಡಿಸಿ ಸದ್ದಿಗೆ ಒಗ್ಗಿಸಿ.

ತೊಳೆಯುವುದೇ ಈ ಯಂತ್ರದ ನಿಜವಾದ ಬೆಲೆ. ಕರೆದು ಮುಗಿದ ಕೂಡಲೇ ಉಗುರುಬೆಚ್ಚಗಿನ ಹತ್ತು ಲೀಟರ್ ನೀರನ್ನು ಕ್ಲಸ್ಟರಿನಿಂದ ಬಕೆಟಿಗೆ ಎಳೆಸಿ, ನಡುನಡುವೆ ಕಪ್ಪು ಎತ್ತಿ ಗಾಳಿಯನ್ನೂ ಎಳೆಸಿದರೆ ನೀರು ಕುಲುಕಿ ಉಜ್ಜುತ್ತದೆ. ಮೊದಲೇ ಕುದಿನೀರು ಹಾಕಿದರೆ ಹಾಲಿನ ಪ್ರೊಟೀನ್ ಬೆಂದು ಗೋಡೆಗೆ ಅಂಟುತ್ತದೆ. ಎರಡನೆಯದು 70 ಡಿಗ್ರಿಯ ಹತ್ತು ಲೀಟರ್ ನೀರಿಗೆ 50 ಗ್ರಾಂ ಡೇರಿ ಡಿಟರ್ಜೆಂಟ್. ನೀರು 40 ಡಿಗ್ರಿಗಿಂತ ತಣಿಯುವ ಮೊದಲು ಮುಗಿಸಬೇಕು, ತಣಿದರೆ ಬಿಟ್ಟ ಕೊಬ್ಬು ಮತ್ತೆ ಹತ್ತುತ್ತದೆ. ಪಾತ್ರೆ ತೊಳೆಯುವ ಸೋಪು ಬೇಡ, ನೊರೆ ಪಂಪಿನವರೆಗೂ ಹೋಗುತ್ತದೆ. ಆಮೇಲೆ ಶುದ್ಧ ನೀರು, ಕವುಚಿ ತೂಗುಹಾಕುವುದು. ಮರುದಿನ ಕರೆಯುವ ಮೊದಲು ಶೇ. 4ರ ಹೈಪೋಕ್ಲೋರೈಟ್ 50 ಮಿಲಿಯನ್ನು ಹತ್ತು ಲೀಟರ್ ನೀರಿಗೆ ಹಾಕಿ ಒಮ್ಮೆ ಎಳೆಸಿ, ಪೂರ್ತಿ ಬಸಿದುಹೋಗಲು ಬಿಡಿ.

ಹಾಲುಕಲ್ಲು (ಪಾತ್ರೆಗೆ ಗಟ್ಟಿಯಾಗಿ ಹಿಡಿಯುವ ಸುಣ್ಣದ ಪದರ) ತೆಗೆಯಲು ವಾರಕ್ಕೊಮ್ಮೆ ಆಸಿಡ್ ತೊಳೆತ ಎಂದು ಪುಸ್ತಿಕೆ ಹೇಳುತ್ತದೆ. ಅದು ಗಡಸು ನೀರಿನ ಊರಿನ ಮಾತು. ಮುರಕಲ್ಲಿನ ನೆಲದ ನಮ್ಮ ಸುರಂಗ (ನೀರಿಗೆಂದು ಗುಡ್ಡಕ್ಕೆ ಅಡ್ಡ ಕೊರೆದದ್ದು), ಬಾವಿಯ ನೀರು ಮೆದು. ಹಾಲಿನದ್ದೇ ಸುಣ್ಣಾಂಶ ಇರುವುದರಿಂದ ಪೂರ್ತಿ ಬಿಡಲಾಗದು, ಹದಿನೈದು ದಿನಕ್ಕೊಮ್ಮೆ ಸಾಕು. ಬೋರಿನ ನೀರಿನಲ್ಲಿ ಕಬ್ಬಿಣ ಇದ್ದು ಬಕೆಟಿಗೆ ಕೆಂಪು ಹಿಡಿಯುತ್ತಿದ್ದರೆ ವಾರಕ್ಕೊಮ್ಮೆಯೇ ಮಾಡಿ. ಆಸಿಡನ್ನು ಹೈಪೋಕ್ಲೋರೈಟಿನ ಜೊತೆ ಎಂದೂ ಬೆರೆಸಬೇಡಿ, ಏಳುವುದು ವಿಷಗಾಳಿ. ಸೊಸೈಟಿಯ ಯಂತ್ರ ಫ್ಯಾಟ್, ಎಸ್‌ಎನ್‌ಎಫ್ ತೋರಿಸುತ್ತದೆ, ಬ್ಯಾಕ್ಟೀರಿಯಾ ತೋರಿಸುವುದಿಲ್ಲ. ಮುಚ್ಚಿದ ಬಕೆಟಿನ ಹಾಲು ಕಣ್ಣಿಗೆ ಸ್ವಚ್ಛ. ಲೈನರ್ ಕೊಳೆಯಾಗಿದ್ದರೆ ಅದು ಕೈಯಲ್ಲಿ ಕರೆದ ಹಾಲಿಗಿಂತ ಬೇಗ ಹುಳಿಯುತ್ತದೆ.

ಕರೆಂಟಿನ ವಿಚಾರ. ಮಾರ್ಚ್-ಏಪ್ರಿಲ್‌ನಲ್ಲಿ ಅಡಿಕೆ ತೋಟಗಳ ಪಂಪುಗಳೆಲ್ಲ ಓಡುವಾಗ ವೋಲ್ಟೇಜ್ ಕುಸಿದರೆ ಮೋಟರ್ ತಿರುಗದೆ ಬಿಸಿಯಾಗುತ್ತದೆ, ವ್ಯಾಕ್ಯೂಮ್ ಇಳಿದು ಕಪ್ಪುಗಳು ಕಳಚುತ್ತವೆ. ಪಂಪು ಹಾಕುವ ಮುಂಚೆ ಕರೆದು ಮುಗಿಸುವುದು ಒಂದು ಉಪಾಯ. ಮನೆಯ ಇನ್ವರ್ಟರ್ ಒಂದು ಎಚ್‌ಪಿ ಮೋಟರಿನ ಶುರುವಿನ ಎಳೆತ ತಡೆಯುವುದಿಲ್ಲ. ಅರ್ತಿಂಗ್ ಸರಿಯಿಲ್ಲದಿದ್ದರೆ ನಮಗೆ ಗೊತ್ತೇ ಆಗದ ಕೆಲವೇ ವೋಲ್ಟ್ ಸೋರಿಕೆಗೆ ಒದ್ದೆ ನೆಲದಲ್ಲಿ ನಿಂತ ದನ ಬೆದರಿ ಹಾಲು ಏರಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ದನ ಯಂತ್ರ ಕಂಡರೆ ಕುಣಿಯುತ್ತದೆ ಎಂದಾದರೆ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ. ಕರೆಂಟಿಲ್ಲದ ಹೊತ್ತಿಗೆ ಕೈಯಿಂದ ನಡೆಸುವ ಪಂಪಿನ ಯಂತ್ರಗಳೂ ಇವೆ. ಸುಳ್ಯ ಸೀಮೆಯ ಮುರುಳ್ಯದ ರಾಘವ ಗೌಡರು ಅಂಥದ್ದನ್ನು ಮಾಡಿ ಹೆಸರಾದವರು. ಮೂರು-ನಾಲ್ಕು ದನದ ಮನೆಗೆ ಆ ಬಗೆಯದ್ದೇ ಲೇಸು ಎನ್ನಬಹುದು.

ಕಾಸರಗೋಡು ಗಿಡ್ಡ ತಳಿಗೆ ಇದು ಬೇಡವೇ ಬೇಡ. ಬೇಳದ ಸರಕಾರಿ ಸಂರಕ್ಷಣಾ ಕೇಂದ್ರದಲ್ಲಿ ನೋಡಿದವರಿಗೆ ಗೊತ್ತು, ಮೊಲೆ ಸಣ್ಣದು, ಮಿಶ್ರತಳಿಗೆಂದು ಮಾಡಿದ ಲೈನರ್ ನಿಲ್ಲುವುದಿಲ್ಲ. ಕೊಡುವ ಒಂದೆರಡು ಲೀಟರಿಗೆ ಇಪ್ಪತ್ತು ಮಿನಿಟು ತೊಳೆಯುವುದು ಯಾಕೆ?

ಕೊಳ್ಳುವುದೇ ಎಂದಾದರೆ ನಿಮ್ಮ ಹಟ್ಟಿಯಲ್ಲಿ, ನಿಮ್ಮ ದನಕ್ಕೆ, ಎರಡು ಹೊತ್ತು ಹಾಕಿ ತೋರಿಸುವವರಿಂದಲೇ ಕೊಳ್ಳಿ. ಸಹಾಯಧನ ಇದೆಯೇ ಎಂದು ಬ್ಲಾಕಿನ ಡೇರಿ ಎಕ್ಸ್‌ಟೆನ್ಶನ್ ಆಫೀಸಿನಲ್ಲಿ ಬಿಲ್ಲು ಮಾಡಿಸುವ ಮೊದಲೇ ಕೇಳಿ, ಗಡಿಯಾಚೆ ಕರ್ನಾಟಕದ ಪುತ್ತೂರು-ಮಂಗಳೂರಿನ ಅಂಗಡಿಯ ಬಿಲ್ಲು ನಡೆಯುತ್ತದೆಯೇ ಎಂದೂ ಕೇಳಿ. ಯಂತ್ರದ ಜೊತೆಗೇ ಒಂದು ಸೆಟ್ ಲೈನರ್, ಪಲ್ಸೇಟರಿನ ರಬ್ಬರ್ ಡಯಾಫ್ರಾಮ್, ಬಕೆಟ್ ಮುಚ್ಚಳದ ಗ್ಯಾಸ್ಕೆಟ್, ಒಂದು ಬೆಲ್ಟ್ ಹೆಚ್ಚಿಗೆ ತೆಗೆದಿಡಿ. ಎಣ್ಣೆಯ ಪಂಪಾದರೆ ಅದಕ್ಕೆ ಹೇಳಿದ ಎಣ್ಣೆಯೇ ಬೇಕು, ಹೊಗೆಯ ಪೈಪು ಹಟ್ಟಿಯ ಹೊರಗಿರಲಿ. ಮನೆಯಲ್ಲಿ ಒಬ್ಬರಾದರೂ ಕೈಯಲ್ಲಿ ಕರೆಯುವ ರೂಢಿ ಬಿಡದೆ ಇರಲಿ. ಬೆಲ್ಟ್ ಹರಿಯುವುದು ಅಂಗಡಿ ತೆರೆಯುವ ಹೊತ್ತು ನೋಡಿಕೊಂಡು ಅಲ್ಲ.